ಹಳೆಯ ಲೆಕ್ಕಪತ್ರ ಎಷ್ಟು ವರ್ಷ ಇಡಬೇಕು, ಯಾವಾಗ ತೆಗೆಯಬೇಕು: ದಾವಣಗೆರೆ, ಚಿತ್ರದುರ್ಗದ ವ್ಯಾಪಾರಸ್ಥರಿಗೆ ಸಮಗ್ರ ಮಾರ್ಗದರ್ಶಿ

ಆಯುಧ ಪೂಜೆಗೆ ಮುನ್ನ ಅಂಗಡಿ ತೊಳೆದು ಬಣ್ಣ ಬಳಿಯುವ ವಾರ ಲೆಕ್ಕಪತ್ರಗಳಿಗೆ ಗಂಡಾಂತರದ ವಾರ. ಅಟ್ಟದ ಮೇಲಿನ ಗೋಣಿಚೀಲ ಕೆಳಗಿಳಿಯುತ್ತದೆ. ಮೇಲಿದ್ದ ಒಂದು ಬಿಲ್ ಪುಸ್ತಕ ತೆರೆದು ನೋಡಿ, 'ಇದು ಹಳೇದು' ಎಂದು ಇಡೀ ಚೀಲವನ್ನೇ ಗುಜರಿಗೆ ಹಾಕಿಬಿಡುತ್ತಾರೆ. ಅದೇ ಚೀಲದ ತಳದಲ್ಲಿ ಮೂರು ವರ್ಷದ ಹಿಂದಿನ ಖರೀದಿ ಬಿಲ್ಲುಗಳಿದ್ದವು ಎಂಬುದು ತೆರಿಗೆ ಇಲಾಖೆಯ ನೋಟಿಸ್ ಬಂದ ದಿನ ಗೊತ್ತಾಗುತ್ತದೆ.

ಎಷ್ಟು ವರ್ಷ ಇಡಬೇಕು ಎಂದು ಕೇಳಿದರೆ ಆರು, ಎಂಟು ಎಂದು ಬಹಳ ಮಂದಿ ಹೇಳಬಲ್ಲರು. ಯಾವ ದಿನದಿಂದ ಎಣಿಸಬೇಕು ಎಂಬಲ್ಲಿ ತಪ್ಪುತ್ತಾರೆ. ಬಿಲ್ಲಿನ ಮೇಲಿನ ತಾರೀಖಿನಿಂದ ಎಣಿಸಿದವರು ಹೆಚ್ಚುಕಡಿಮೆ ಒಂದೂವರೆ, ಎರಡು ವರ್ಷ ಮೊದಲೇ ಕಾಗದ ಕಳೆದುಕೊಳ್ಳುತ್ತಾರೆ. ಹಾಗಾಗಿ ಎಣಿಕೆಯಿಂದಲೇ ಶುರು ಮಾಡೋಣ.

ಮೊದಲ ಹೆಜ್ಜೆ: ಎಣಿಕೆಯ ದಿನ ಗುರುತಿಸಿ

ಆದಾಯ ತೆರಿಗೆ: 1961ರ ಕಾಯ್ದೆಯ 44ಎಎ ಕಲಮು ಮತ್ತು ಅದರಡಿಯ 6ಎಫ್ ನಿಯಮದ ಪ್ರಕಾರ ಲೆಕ್ಕಪುಸ್ತಕಗಳನ್ನು ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಆರು ವರ್ಷ ಇಡಬೇಕು. ಅಸೆಸ್‌ಮೆಂಟ್ ವರ್ಷ ಎಂದರೆ ವ್ಯಾಪಾರ ನಡೆದ ವರ್ಷದ ಮುಂದಿನ ವರ್ಷ. 2024-25ರಲ್ಲಿ ಮಾಡಿದ ವ್ಯಾಪಾರದ ಅಸೆಸ್‌ಮೆಂಟ್ ವರ್ಷ 2025-26. ಅದು ಮುಗಿಯುವುದು 2026ರ ಮಾರ್ಚ್ 31ಕ್ಕೆ. ಅಲ್ಲಿಂದ ಆರು ವರ್ಷವೆಂದರೆ 2032ರ ಮಾರ್ಚ್ 31. 2024ರ ಏಪ್ರಿಲ್‌ನಲ್ಲಿ ಹರಿದುಕೊಟ್ಟ ಬಿಲ್ಲಿಗೆ ಹೀಗೆ ಸುಮಾರು ಎಂಟು ವರ್ಷದ ಆಯುಸ್ಸು ಬರುತ್ತದೆ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು, ಅಸೆಸ್‌ಮೆಂಟ್ ವರ್ಷ ಎಂಬ ಮಾತು ಹೋಗಿ 'ತೆರಿಗೆ ವರ್ಷ' ಒಂದೇ ಉಳಿಯುತ್ತದೆ. ಆದರೆ ಅದಕ್ಕೂ ಹಿಂದಿನ ವರ್ಷಗಳ ಲೆಕ್ಕ ಹಳೆಯ ಕಾಯ್ದೆಯಂತೆಯೇ ನಡೆಯುತ್ತದೆ. 'ಹಳೇ ಕಾಯ್ದೆ ಹೋಯ್ತು, ಹಳೇ ಬಿಲ್ಲೂ ಬೇಡ' ಎಂಬ ಮಾತಿಗೆ ಕಿವಿಗೊಡಬೇಡಿ.

ಜಿಎಸ್‌ಟಿ: ಕಾಯ್ದೆಯ 36ನೇ ಕಲಮು ಹೇಳುವುದು 72 ತಿಂಗಳು. ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ ಇದನ್ನು ಎಣಿಸಬೇಕು, ನೀವು ಸಲ್ಲಿಸಿದ ದಿನದಿಂದಲ್ಲ. ವಹಿವಾಟು ಕಡಿಮೆಯಿದ್ದು ವಾರ್ಷಿಕ ರಿಟರ್ನಿನಿಂದ ವಿನಾಯಿತಿ ಸಿಕ್ಕಿದ್ದರೂ ಆ ಕೊನೆಯ ದಿನವನ್ನೇ ಹಿಡಿದು ಎಣಿಸುವುದು ಕ್ಷೇಮ. ಸಾಮಾನ್ಯವಾಗಿ ಅದು ಮುಂದಿನ ಡಿಸೆಂಬರ್ 31. ಕೋವಿಡ್ ಸಮಯದಲ್ಲಿ ಗಡುವು ಮುಂದೂಡಿದ್ದರಿಂದ ಮೊದಲ ಮೂರು ವರ್ಷಗಳ ಲೆಕ್ಕ ಬೇರೆಯಾಗುತ್ತದೆ:

2018-19: ಗಡುವು 31-12-2020, ಇಡಬೇಕಾದದ್ದು 31-12-2026ರವರೆಗೆ
2019-20: ಗಡುವು 31-3-2021, ಇಡಬೇಕಾದದ್ದು 31-3-2027ರವರೆಗೆ
2020-21: ಗಡುವು 28-2-2022, ಇಡಬೇಕಾದದ್ದು 28-2-2028ರವರೆಗೆ
2021-22: ಗಡುವು 31-12-2022, ಇಡಬೇಕಾದದ್ದು 31-12-2028ರವರೆಗೆ
2022-23: 31-12-2029ರವರೆಗೆ
2023-24: 31-12-2030ರವರೆಗೆ
2024-25: 31-12-2031ರವರೆಗೆ

ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಹಿಂದಿನ ಎಂಟು ಹಣಕಾಸು ವರ್ಷದ ಪುಸ್ತಕಗಳು, ಅವಕ್ಕೆ ಸಂಬಂಧಿಸಿದ ವೋಚರ್ ಸಮೇತ ಇರಲೇಬೇಕು. ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಎಂಟು ವರ್ಷ. ಸದಸ್ಯರ ರಿಜಿಸ್ಟರ್, ಸಭೆಯ ನಡಾವಳಿ ಪುಸ್ತಕಗಳನ್ನು ತೆಗೆಯುವಂತೆಯೇ ಇಲ್ಲ.

ಇಷ್ಟೆಲ್ಲ ತಾರೀಖು ನೆನಪಿಡುವ ಬದಲು ಒಂದೇ ಸೂತ್ರ ಸಾಕು: ಹಣಕಾಸು ವರ್ಷ ಮುಗಿದ ಮಾರ್ಚ್ 31ಕ್ಕೆ ಎಂಟು ವರ್ಷ ಸೇರಿಸಿ. 2024-25ರ ಕಟ್ಟು 2033ರ ಮಾರ್ಚ್ 31ರವರೆಗೆ. ಇದರಲ್ಲಿ ಆದಾಯ ತೆರಿಗೆ, ಜಿಎಸ್‌ಟಿ, ಕಂಪನಿ ಕಾಯ್ದೆ ಮೂರೂ ಅಡಗುತ್ತವೆ. ಟಿಡಿಎಸ್ (ಹಣ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಇದರೊಳಗೇ ಬರುತ್ತದೆ. ಹಣ ಕೊಟ್ಟ ಹಣಕಾಸು ವರ್ಷ ಮುಗಿದು ಆರು ವರ್ಷದವರೆಗೆ ಇಲಾಖೆ ಟಿಡಿಎಸ್ ಕಡಿತದ ತಪ್ಪು ಹಿಡಿಯಬಹುದು. ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕಿದ್ದರೆ, ಹಾಕಿದ ವರ್ಷ ಮುಗಿದ ಮೇಲೆ ಇನ್ನೆರಡು ವರ್ಷದ ಅವಕಾಶ ಅವರಿಗುಂಟು. ಯಾವುದು ತಡವೋ ಅದು. ಮಾಲೀಕನೊಬ್ಬನೇ ನಡೆಸುವ ಸಣ್ಣ ಅಂಗಡಿಗೆ ಏಳು ವರ್ಷ ಸಾಕು ಎಂದು ಕೆಲವರು ವಾದಿಸಬಹುದು. ಒಂದು ವರ್ಷದ ಕಾಗದ ಹೆಚ್ಚಿಗೆ ಇಡಲು ಬೇಕಾಗುವ ಜಾಗ ಅಕ್ಕಿಮೂಟೆಯಷ್ಟೂ ಇಲ್ಲ, ಹಾಗಾಗಿ ನಾವು ಎಂಟನ್ನೇ ಹೇಳುತ್ತೇವೆ.

ಎರಡನೇ ಹೆಜ್ಜೆ: ನೋಟಿಸ್ ಬಂದಿದ್ದರೆ ಎಣಿಕೆ ನಿಲ್ಲಿಸಿ

ಎಂಟು ವರ್ಷವಾಯಿತು ಎಂದ ಮಾತ್ರಕ್ಕೆ ಕಟ್ಟು ಬಿಚ್ಚಬೇಡಿ. ಆ ವರ್ಷದ ಮೇಲೆ ಯಾವುದಾದರೂ ನೋಟಿಸ್, ಮೇಲ್ಮನವಿ, ತನಿಖೆ ನಡೆಯುತ್ತಿದೆಯೇ ನೋಡಿ. ಜಿಎಸ್‌ಟಿಯಲ್ಲಿ ಮೇಲ್ಮನವಿ ಅಂತಿಮವಾಗಿ ಇತ್ಯರ್ಥವಾದ ಮೇಲೆ ಒಂದು ವರ್ಷ, ಅಥವಾ ಮೂಲದ 72 ತಿಂಗಳು, ಯಾವುದು ತಡವೋ ಅಲ್ಲಿಯವರೆಗೆ ಆ ಪ್ರಕರಣಕ್ಕೆ ಸೇರಿದ ಕಾಗದ ಇರಬೇಕು. ಆದಾಯ ತೆರಿಗೆಯಲ್ಲಿ 2024ರ ಸೆಪ್ಟೆಂಬರ್ 1ರಿಂದ ಬಂದ ಬದಲಾವಣೆಯಂತೆ, ಹಳೆಯ ವರ್ಷವನ್ನು ಮತ್ತೆ ತೆರೆಯುವ ನೋಟಿಸನ್ನು ಅಸೆಸ್‌ಮೆಂಟ್ ವರ್ಷ ಮುಗಿದು ಮೂರು ವರ್ಷ ಮೂರು ತಿಂಗಳೊಳಗೆ ಕೊಡಬೇಕು. ತಪ್ಪಿಹೋದ ಆದಾಯ 50 ಲಕ್ಷ ಅಥವಾ ಅದಕ್ಕೂ ಹೆಚ್ಚು ಎನಿಸಿದರೆ ಐದು ವರ್ಷ ಮೂರು ತಿಂಗಳವರೆಗೆ ಕೊಡಬಹುದು. ಒಮ್ಮೆ ತೆರೆದರೆ, ಆ ಅಸೆಸ್‌ಮೆಂಟ್ ಮುಗಿಯುವವರೆಗೆ ಪುಸ್ತಕಗಳು ಇರಲೇಬೇಕು.

ಜಿಎಸ್‌ಟಿಯಲ್ಲಿ 2024-25ರಿಂದ 74ಎ ಕಲಮು ಅನ್ವಯ. ವಾರ್ಷಿಕ ರಿಟರ್ನಿನ ಗಡುವಿನಿಂದ 42 ತಿಂಗಳೊಳಗೆ ನೋಟಿಸ್ ಬರಬಹುದು. 2024-25ಕ್ಕೆ ಗಡುವು 2025ರ ಡಿಸೆಂಬರ್ 31 ಎಂದಾದರೆ, 2029ರ ಜೂನ್ ಕೊನೆಯವರೆಗೂ ಬಾಗಿಲು ತೆರೆದಿರುತ್ತದೆ.

ನೋಟಿಸ್ ಬಂದ ದಿನವೇ ಆ ವರ್ಷದ ಎಲ್ಲ ಕಟ್ಟುಗಳ ಮೇಲೆ ಕೆಂಪು ಚೀಟಿ ಅಂಟಿಸಿ, 'ತಡೆ' ಎಂದು ಬರೆದು ನೋಟಿಸಿನ ನಂಬರ್, ತಾರೀಖು ಹಾಕಿ. ಅಂತಿಮ ಆದೇಶದ ಪ್ರತಿ ಕೈಗೆ ಬಂದಲ್ಲದೆ, ಜಿಎಸ್‌ಟಿ ಮೇಲ್ಮನವಿಯಾದರೆ ಇತ್ಯರ್ಥವಾಗಿ ಒಂದು ವರ್ಷ ಕಳೆದಲ್ಲದೆ, ಚೀಟಿ ಕೀಳಬೇಡಿ.

ಕಾಗದ ಇಲ್ಲದಿದ್ದರೆ ಆಗುವ ನಿಜವಾದ ನಷ್ಟ

ಲೆಕ್ಕಪುಸ್ತಕ ಇಡದಿದ್ದರೆ ಆದಾಯ ತೆರಿಗೆಯಲ್ಲಿ 25,000 ರೂಪಾಯಿ ದಂಡ. ಜಿಎಸ್‌ಟಿಯಲ್ಲಿ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅದು. ಆದರೆ ಅಂಗಡಿಯನ್ನು ಅಲ್ಲಾಡಿಸುವುದು ಈ ದಂಡವಲ್ಲ, ಕೈತಪ್ಪುವ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ. ಖರೀದಿ ಬಿಲ್ಲು ನಿಮ್ಮ ಕೈಯಲ್ಲಿ ಇರಬೇಕೆಂಬುದು ಕ್ರೆಡಿಟ್ ಪಡೆಯಲು ಮೊದಲ ಷರತ್ತು.

ಲೆಕ್ಕ ಹಾಕಿ ನೋಡಿ. ಮೂರು ಲಕ್ಷದ ಒಂದು ಮೋಟಾರು, ಶೇ 18ರಂತೆ 54,000 ರೂಪಾಯಿ ಜಿಎಸ್‌ಟಿ. ಕ್ರೆಡಿಟ್ ಬಳಸಿಕೊಂಡಿದ್ದೀರಿ. ನಾಲ್ಕು ವರ್ಷದ ನಂತರ ಬಿಲ್ಲು ತೋರಿಸಲಾಗದೆ ಕ್ರೆಡಿಟ್ ರದ್ದಾದರೆ 54,000 ವಾಪಸು ಕಟ್ಟಬೇಕು. ಅದಕ್ಕೆ ಶೇ 18ರ ಬಡ್ಡಿ ವರ್ಷಕ್ಕೆ 9,720, ನಾಲ್ಕು ವರ್ಷಕ್ಕೆ 38,880. ಒಟ್ಟು 92,880, ದಂಡ ಬೇರೆ. ಒಂದೇ ಒಂದು ಹಾಳೆ ಕಾಗದಕ್ಕೆ ಇಷ್ಟು. 'ಪೋರ್ಟಲ್‌ನ 2ಬಿಯಲ್ಲಿ ಕಾಣುತ್ತಲ್ಲ' ಎಂದರೆ ಸಾಲದು. ಮಾರಿದವರು ಸಲ್ಲಿಸಿದ ವಿವರದಿಂದ ಪೋರ್ಟಲ್ ತಯಾರಿಸುವ ಖರೀದಿ ಪಟ್ಟಿಯಾದ 2ಬಿ ಬಿಲ್ಲಿನ ಸುಳಿವು ಕೊಡುತ್ತದೆ, ಬಿಲ್ಲಿನ ಜಾಗ ತುಂಬುವುದಿಲ್ಲ. ಸರಕು ಬಂದದ್ದಕ್ಕೂ ಆಧಾರ ಬೇಕಾದ್ದರಿಂದ ಲಾರಿ ರಸೀದಿ, ಇ-ವೇ ಬಿಲ್ಲು, ವೇ ಬ್ರಿಡ್ಜ್ ಚೀಟಿ, ಹಣ ಕೊಟ್ಟ ಬ್ಯಾಂಕ್ ದಾಖಲೆ ನಾಲ್ಕನ್ನೂ ಆಯಾ ಬಿಲ್ಲಿನ ಬೆನ್ನಿಗೇ ಸೇರಿಸಿ.

ಮೂರನೇ ಹೆಜ್ಜೆ: ಎಂಟು ವರ್ಷದ ಸೂತ್ರಕ್ಕೆ ಸಿಗದವನ್ನು ಬೇರೆ ಇಡಿ

ಕೆಲವು ಕಾಗದಗಳಿಗೆ ಎಣಿಕೆ ಶುರುವಾಗುವುದೇ ಬಹಳ ತಡ. ಇವನ್ನು ವರ್ಷದ ಕಟ್ಟಿನಲ್ಲಿ ಸೇರಿಸಿದರೆ ಕಟ್ಟಿನ ಜೊತೆ ಇವೂ ಹೋಗುತ್ತವೆ. ಅದಕ್ಕೇ ಒಂದು ಪ್ರತ್ಯೇಕ 'ಕಾಯಂ ಫೈಲು' ಬೇಕು.

ಯಂತ್ರ, ವಾಹನ, ಕಟ್ಟಡ: ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ 2012ರಲ್ಲಿ ಕೂರಿಸಿದ ಎಕ್ಸ್‌ಪೆಲ್ಲರ್‌ಗೆ ಇವತ್ತೂ ಸವಕಳಿ ಬರೆಯುತ್ತಿದ್ದರೆ, ಆ ಖರೀದಿ ಬಿಲ್ಲು ಇವತ್ತಿಗೂ ಬೇಕು. ಯಂತ್ರ ಮಾರಿದ ವರ್ಷ ಮುಗಿದ ಮೇಲೆ ಎಂಟು ವರ್ಷದ ಎಣಿಕೆ ಶುರು.

ಜಾಗ, ಮನೆ: ಕ್ರಯಪತ್ರ, ಮುದ್ರಾಂಕ ಶುಲ್ಕದ ರಸೀದಿ, ಕಟ್ಟಿಸಿದ ಖರ್ಚಿನ ಬಿಲ್ಲು, ನಂತರ ಮಹಡಿ ಏರಿಸಿದ್ದರೆ ಅದರದ್ದೂ. ಮಾರುವ ದಿನ ಬಂಡವಾಳ ಲಾಭದ ತೆರಿಗೆ ಇವುಗಳ ಮೇಲೇ ನಿಂತಿರುತ್ತದೆ. 2024ರ ಜುಲೈ 23ಕ್ಕೆ ಮುನ್ನ ಕೊಂಡ ಜಾಗ, ಕಟ್ಟಡಕ್ಕೆ ನಿವಾಸಿ ವ್ಯಕ್ತಿಗಳು ಮತ್ತು ಅವಿಭಕ್ತ ಕುಟುಂಬದವರು ಹಣದುಬ್ಬರದ ಸೂಚ್ಯಂಕ ಸೇರಿಸದೆ ಶೇ 12.5, ಸೇರಿಸಿ ಶೇ 20, ಎರಡರಲ್ಲಿ ಕಡಿಮೆ ತೆರಿಗೆ ಬರುವುದನ್ನು ಹಿಡಿಯಬಹುದು. ಹಳೆಯ ಬಿಲ್ಲು ಇದ್ದವನಿಗೆ ಮಾತ್ರ ಈ ಹೋಲಿಕೆ ಸಾಧ್ಯ. 2001ರ ಏಪ್ರಿಲ್ 1ಕ್ಕೂ ಹಿಂದಿನ ಆಸ್ತಿಗೆ ಆ ದಿನದ ಬೆಲೆಯನ್ನೇ ಹಿಡಿಯಲು ಅವಕಾಶವಿದೆ. ಅದರ ಮೌಲ್ಯಮಾಪನ ವರದಿಯೂ ಇದೇ ಫೈಲಿಗೆ.

ಹೊಲ ಮಾರಿದವರು ಇನ್ನೊಂದು ಕಾಗದ ಮರೆಯಬಾರದು. ಒಂದು ಲಕ್ಷಕ್ಕಿಂತ ಹೆಚ್ಚು, ಹತ್ತು ಲಕ್ಷದವರೆಗೆ ಜನಸಂಖ್ಯೆ ಇರುವ ನಗರದ ಎಲ್ಲೆಯಿಂದ ಆರು ಕಿಲೋಮೀಟರ್ ಒಳಗಿದ್ದರೆ ಆ ಹೊಲ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡಕ್ಕೂ ಈ ಆರು ಕಿಲೋಮೀಟರೇ ಲೆಕ್ಕ. ಅದನ್ನು ರಸ್ತೆಯ ದಾರಿಯಲ್ಲಿ ಅಳೆಯುವುದಿಲ್ಲ, ನೇರ ಗೆರೆಯಲ್ಲಿ ಅಳೆಯುತ್ತಾರೆ. ಹೊಲ ಅದರಾಚೆ ಇತ್ತು ಎನ್ನುವ ದೃಢೀಕರಣ ಮತ್ತು ಮಾರಿದ ಕಾಲದ ಪಹಣಿಯನ್ನು ಕ್ರಯಪತ್ರದ ನಕಲಿನ ಜೊತೆ ಇಡಿ. ಊರು ಬೆಳೆದ ಮೇಲೆ ಹಳೆಯ ದೂರ ಸಾಬೀತು ಮಾಡುವುದು ಕಷ್ಟ.

ನಷ್ಟದ ವರ್ಷ: ವ್ಯಾಪಾರದ ನಷ್ಟವನ್ನು ಎಂಟು ಅಸೆಸ್‌ಮೆಂಟ್ ವರ್ಷದವರೆಗೆ ಮುಂದೆ ಒಯ್ಯಬಹುದು. ನಷ್ಟವನ್ನು ಕೊನೆಗೆ ಯಾವ ವರ್ಷದ ಲಾಭದಲ್ಲಿ ಕಳೆದಿರೋ, ನಷ್ಟದ ವರ್ಷದ ಕಟ್ಟನ್ನೂ ಆ ವರ್ಷದ ಕಟ್ಟಿನ ಜೊತೆಗೇ ತೆಗೆಯಬೇಕು. ಹದಿನಾರು ವರ್ಷ ಇಡಬೇಕಾಗಿ ಬಂದರೂ ಆಶ್ಚರ್ಯವಿಲ್ಲ. ಲಾಭ ಸಾಲದೆ ಕಳೆಯಲಾಗದೆ ಉಳಿದ ಸವಕಳಿಗಂತೂ ಮುಂದೆ ಒಯ್ಯಲು ಮಿತಿಯೇ ಇಲ್ಲ.

ನೌಕರರ ದಾಖಲೆ: ಹಾಜರಿ, ಸಂಬಳದ ಪಟ್ಟಿ ಎಂಟು ವರ್ಷದ ಸೂತ್ರಕ್ಕೆ ಸೇರಲಿ. ಪಿಎಫ್ ದಾಖಲೆ ಮಾತ್ರ ಕಾಯಂ. ಹತ್ತು ವರ್ಷ ಸೇವೆ ಇದ್ದವರಿಗೆ 58ಕ್ಕೆ ಪಿಂಚಣಿ ಬರುತ್ತದೆ. 22ಕ್ಕೆ ಸೇರಿದ ಹುಡುಗ 36 ವರ್ಷದ ನಂತರ ಬಂದು ಸೇರಿದ ತಾರೀಖು ಕೇಳಿದರೆ ಕೊಡಬೇಕಾದವರು ನೀವು. ದುಡಿದವರ ಹಕ್ಕಿನ ಪ್ರಶ್ನೆ ಇದು, ಜಾಗದ ಲೆಕ್ಕ ಇಲ್ಲಿ ಬೇಡ.

ಇವುಗಳ ಜೊತೆಗೆ ಪಾಲುದಾರಿಕೆ ಪತ್ರ ಮತ್ತು ಅದರ ಎಲ್ಲ ತಿದ್ದುಪಡಿ, ಸಾಲ ತೀರಿದ ಪತ್ರ, ಆಸ್ತಿ ವಿಭಾಗ ಪತ್ರ, ಸಲ್ಲಿಸಿದ ರಿಟರ್ನ್‌ಗಳ ಪ್ರತಿ, ಅಸೆಸ್‌ಮೆಂಟ್ ಆದೇಶಗಳು ಕಾಯಂ. ವ್ಯಾಟ್ ಕಾಲ 2017ರ ಜೂನ್ 30ಕ್ಕೆ ಮುಗಿಯಿತು. ಬಾಕಿ ವಸೂಲಿ, ಮೇಲ್ಮನವಿ ಏನೂ ಇಲ್ಲದಿದ್ದರೆ ಆಗಿನ ಬಿಲ್ಲುಗಳನ್ನು ಬಿಡಬಹುದು. ಆದೇಶಗಳನ್ನೂ, ಕರಸಮಾಧಾನದಲ್ಲಿ (ಹಳೆಯ ತೆರಿಗೆ ಬಾಕಿ ಇತ್ಯರ್ಥಕ್ಕೆ ರಾಜ್ಯ ತಂದ ಯೋಜನೆ) ಕಟ್ಟಿ ಮುಗಿಸಿದ ಪತ್ರವನ್ನೂ ಇಟ್ಟುಕೊಳ್ಳಿ.

ನಾಲ್ಕನೇ ಹೆಜ್ಜೆ: ನಿಮ್ಮ ವ್ಯಾಪಾರಕ್ಕೆ ತಕ್ಕ ಕಾಗದ ಯಾವುದೆಂದು ನೋಡಿ

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಖರೀದಿದಾರರಿಗೆ ಮುಖ್ಯವಾದದ್ದು ನಗದು ಪಾವತಿಯ ಆಧಾರ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. ಲಾರಿಯವರ ಸಾಗಣೆಗೆ ಈ ಮಿತಿ 35,000. ಬೆಳೆದ ರೈತನಿಂದಲೇ ಕೃಷಿ ಉತ್ಪನ್ನ ಕೊಂಡಾಗ 6ಡಿಡಿ ನಿಯಮದಂತೆ ವಿನಾಯಿತಿ ಇದೆ. ಆದರೆ ಆತ ರೈತ ಎಂದು ಏಳು ವರ್ಷದ ನಂತರವೂ ತೋರಿಸಬೇಕಾದವರು ನೀವು. ವೋಚರಿನಲ್ಲಿ ಹೆಸರು, ಊರು, ಸರ್ವೆ ನಂಬರ್, ತೂಕ, ದರ, ಸಹಿ ಇರಲಿ. ಪಹಣಿಯ ಜೆರಾಕ್ಸ್ ಜೊತೆಗಿರಲಿ. 'ರೈತರಿಂದ ಖರೀದಿ, ನಗದು' ಎಂದು ದಿನಕ್ಕೊಂದೇ ಸಾಲು ಬರೆದ ಕಿರ್ದಿ ಪುಸ್ತಕ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಇನ್ನೊಬ್ಬ ವ್ಯಾಪಾರಿಯಿಂದ ಕೊಂಡ ಮಾಲಿಗೆ ಈ ವಿನಾಯಿತಿಯ ಆಸೆ ಬೇಡ.

ಹತ್ತಿಯನ್ನು ರೈತರಿಂದ ನೇರವಾಗಿ ಕೊಳ್ಳುವ ನೋಂದಾಯಿತ ವ್ಯಾಪಾರಿ ರಿವರ್ಸ್ ಚಾರ್ಜಿನಲ್ಲಿ, ಅಂದರೆ ಮಾರಿದವನ ಬದಲು ಕೊಂಡವನೇ ಕಟ್ಟುವ ಪದ್ಧತಿಯಲ್ಲಿ, ತಾನೇ ತೆರಿಗೆ ಕಟ್ಟಿ, ತನ್ನ ಹೆಸರಿಗೆ ತಾನೇ ಬಿಲ್ಲು ಮಾಡಿಕೊಳ್ಳಬೇಕು. 2024ರ ನವೆಂಬರ್ 1ರಿಂದ ಆ ಬಿಲ್ಲು 30 ದಿನದೊಳಗೆ ಆಗಬೇಕು. ಹೊರಗಿನವರು ಯಾರೂ ಪ್ರತಿ ಇಟ್ಟಿರುವುದಿಲ್ಲ, ಕಳೆದರೆ ಮತ್ತೆ ಸಿಗುವ ದಾರಿಯಿಲ್ಲ.

ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಅಡಿಕೆ ಬೆಳೆಗಾರರಿಗೂ ಒಂದು ಮಾತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆ ಹಣದಲ್ಲಿ ಸೈಟು ಕೊಂಡಾಗ ಮೂಲ ಕೇಳುತ್ತಾರೆ. ಮಂಡಿಯ ಮಾರಾಟ ಪಟ್ಟಿ, ಸೊಸೈಟಿಯ ಚೀಟಿ, ಆ ವರ್ಷದ ಪಹಣಿ, ಹಣ ಬಂದ ಪಾಸ್‌ಬುಕ್ ಪುಟ ಎಂಟು ವರ್ಷ ಒಂದೇ ಲಕೋಟೆಯಲ್ಲಿರಲಿ.

ಮಂಡಕ್ಕಿ ಭಟ್ಟಿಯವರು ಬಿಡಿಯಾಗಿ ಮಾರಿದ್ದು ಎಷ್ಟು, ಲೇಬಲ್ ಹಚ್ಚಿದ ಪ್ಯಾಕೆಟ್‌ನಲ್ಲಿ ಮಾರಿದ್ದು ಎಷ್ಟು ಎಂದು ಬೇರೆ ಬೇರೆ ಬರೆದಿಡಬೇಕು. ಬಿಡಿ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ, ಲೇಬಲ್ ಪ್ಯಾಕೆಟ್‌ಗೆ ಶೇ 5 ಇದೆ. ಎರಡನ್ನೂ ಕಲಸಿ ಬರೆದರೆ ಯಾವುದು ಯಾವುದೆಂದು ಆಮೇಲೆ ಬಿಡಿಸಲು ಆಗುವುದಿಲ್ಲ.

ಡಾಕ್ಟರುಗಳು ಕ್ಯಾಶ್ ಬುಕ್, ಲೆಡ್ಜರ್ ಅಲ್ಲದೆ 3ಸಿ ನಮೂನೆಯ ದಿನವಹಿ ರೋಗಿಗಳ ರಿಜಿಸ್ಟರನ್ನೂ, ವರ್ಷದ ಮೊದಲ ಮತ್ತು ಕೊನೆಯ ದಿನದ ಔಷಧಿ ದಾಸ್ತಾನನ್ನೂ ಇಡಬೇಕು.

1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಲ್ಲಿ ವಹಿವಾಟಿನ ಶೇ 8 ಅಥವಾ 6ನ್ನು ಅಂದಾಜು ಲಾಭವೆಂದು ತೋರಿಸುವವರು 'ನಮಗೆ ಪುಸ್ತಕವೇ ಬೇಡ' ಎಂದುಕೊಳ್ಳುತ್ತಾರೆ. ಜಿಎಸ್‌ಟಿ ನೋಂದಣಿ ಇದ್ದರೆ ಆ ಕಾಯ್ದೆಯ ಪುಸ್ತಕಗಳು ಬೇಕೇ ಬೇಕು. ಶೇ 6ರ ದರ ಪಡೆಯಲು ಹಣ ಬ್ಯಾಂಕಿನ ಮೂಲಕವೇ ಬಂತೆಂಬ ದಾಖಲೆಯೂ ಬೇಕು.

ಉದ್ರಿಯ ಲೆಕ್ಕಕ್ಕೆ ಬೇರೆ ಗಡಿಯಾರ

ಉದ್ರಿ ಬಾಕಿ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆ ಮೂರು ವರ್ಷದೊಳಗೆ ಗಿರಾಕಿ ಬಾಕಿ ಒಪ್ಪಿ ಬರೆದು ಸಹಿ ಮಾಡಿದರೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ. ಅವಧಿ ಮುಗಿದ ಮೇಲೆ ಹಾಕಿಸಿಕೊಂಡ ಸಹಿ ಅದನ್ನು ಮುಂದೆ ದೂಡುವುದಿಲ್ಲ. ಆದ್ದರಿಂದ ಪ್ರತಿ ಮಾರ್ಚ್ ಕೊನೆಗೆ ದೊಡ್ಡ ಬಾಕಿದಾರರಿಂದ ಬಾಕಿ ಒಪ್ಪಿಗೆ ಪತ್ರ ತೆಗೆದುಕೊಂಡು, ಮೂಲ ಬಿಲ್ಲು, ಡೆಲಿವರಿ ಚಲನ್, ಒಪ್ಪಿಗೆ ಪತ್ರ ಮೂರನ್ನೂ ಗಿರಾಕಿಯ ಹೆಸರಿನ ಲಕೋಟೆಗೆ ಹಾಕಿ. ಬಾಕಿ ಪೂರ್ತಿ ತೀರುವವರೆಗೆ ಆ ಲಕೋಟೆ ವರ್ಷದ ಕಟ್ಟಿಗೆ ಹೋಗಬಾರದು.

ಐದನೇ ಹೆಜ್ಜೆ: ಕಟ್ಟುವ ದಿನವೇ ತೆಗೆಯುವ ದಿನ ಬರೆಯಿರಿ

ಇಡೀ ಕೆಲಸದ ಜೀವ ಇಲ್ಲಿದೆ. ಯಾವ ಕಾಗದ ಬೇಕು, ಯಾವುದು ಬೇಡ ಎಂದು ಹಬ್ಬದ ಗಡಿಬಿಡಿಯಲ್ಲಿ ತೀರ್ಮಾನಿಸುವಂತಾಗಬಾರದು. ಆಡಿಟ್ ಮುಗಿದು ರಿಟರ್ನ್ ಹಾಕಿದ ವಾರವೇ ವರ್ಷದ ಕಾಗದ ಕಟ್ಟಿ, ಪ್ರತಿ ಕಟ್ಟಿನ ಬೆನ್ನಿಗೆ ಇಂಥ ಚೀಟಿ ಅಂಟಿಸಿ:

2024-25 / ಖರೀದಿ ಬಿಲ್ಲು / ಏಪ್ರಿಲ್‌ನಿಂದ ಜೂನ್ / ಕಟ್ಟು 1, ಒಟ್ಟು 4
ತೆಗೆಯಬಹುದಾದ ದಿನ: 1-4-2033ರ ನಂತರ
ತಡೆ: ಇಲ್ಲ

ಒಂದು ಕಟ್ಟು ನಾಲ್ಕು ಬೆರಳಿಗಿಂತ ದಪ್ಪ ಬೇಡ. ದಪ್ಪವಾದರೆ ನಡುವಿನ ಹಾಳೆ ತೆಗೆಯುವಾಗ ಅಂಚು ಹರಿಯುತ್ತದೆ. ರಬ್ಬರ್ ಬ್ಯಾಂಡ್ ಹಾಕಬೇಡಿ. ನಮ್ಮ ಬೇಸಿಗೆಗೆ ಎರಡೇ ವರ್ಷದಲ್ಲಿ ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯ ದಾರ ಒಳ್ಳೆಯದು. ಗೋಣಿಚೀಲ ಇಲಿಗೂ ತೇವಕ್ಕೂ ದಾರಿ, ಕಬ್ಬಿಣದ ಬೀರು ಅಥವಾ ರ‍್ಯಾಕ್ ಇರಲಿ. ಗೆದ್ದಲು ನೆಲದಿಂದ ಮತ್ತು ಗೋಡೆಯಿಂದ ಬರುತ್ತದೆ, ಆದ್ದರಿಂದ ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲೆ, ರ‍್ಯಾಕು ಗೋಡೆಯಿಂದ ಮೂರು ಬೆರಳು ಮುಂದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ನುಸಿಗುಳಿಗೆ ಬದಲಿಸಿ.

ಥರ್ಮಲ್ ಕಾಗದದ ಬಿಲ್ಲುಗಳ ಬಗ್ಗೆ ವಿಶೇಷ ಎಚ್ಚರ. ಪೆಟ್ರೋಲ್ ಬಂಕ್, ವೇ ಬ್ರಿಡ್ಜ್, ಸ್ವೈಪ್ ಯಂತ್ರದ ಚೀಟಿಗಳಲ್ಲಿ ಇಂಕೇ ಇರುವುದಿಲ್ಲ, ಬಿಸಿಗೆ ಬಣ್ಣ ಬದಲಿಸುವ ಲೇಪದ ಮೇಲೆ ಅಕ್ಷರ ಮೂಡಿರುತ್ತದೆ. ಬಿಸಿಲು, ಎಣ್ಣೆ ಕೈ, ಪ್ಲಾಸ್ಟಿಕ್ ಕವರು, ಗೋಂದು ತಗುಲಿದರೆ ಅಳಿಸಿಹೋಗುತ್ತದೆ. ಉಳಿಸಲೆಂದು ಲ್ಯಾಮಿನೇಶನ್ ಮಾಡಿಸಿದರೆ ಆ ಬಿಸಿಗೆ ಇಡೀ ಚೀಟಿ ಕಪ್ಪಾಗುತ್ತದೆ. ಬಂದ ವಾರದೊಳಗೆ ಜೆರಾಕ್ಸ್ ತೆಗೆದು ಮೂಲ ಚೀಟಿಯನ್ನು ಅದರ ಹಿಂದೆ ದಾರದಿಂದ ಹೊಲಿಯಿರಿ.

ಪುಸ್ತಕದಲ್ಲಿ ತಪ್ಪು ಬರೆದಿದ್ದರೆ ವೈಟ್ನರ್ ಹಚ್ಚಬೇಡಿ, ಮೇಲೆ ತಿದ್ದಿ ಬರೆಯಬೇಡಿ. ಜಿಎಸ್‌ಟಿ ನಿಯಮದಂತೆ ತಪ್ಪು ನಮೂದಿನ ಮೇಲೆ ಗೆರೆ ಎಳೆದು, ಸಹಿ ಮಾಡಿ, ಸರಿಯಾದದ್ದನ್ನು ಹೊಸದಾಗಿ ಬರೆಯಬೇಕು. ಕೈಬರಹದ ಪುಸ್ತಕಗಳಿಗೆ ಕ್ರಮಸಂಖ್ಯೆಯೂ ಕಡ್ಡಾಯ.

ಎಲ್ಲಿ ಇಡಬೇಕೆಂಬುದಕ್ಕೂ ನಿಯಮವಿದೆ. ನೋಂದಣಿ ಪತ್ರದಲ್ಲಿರುವ ಮುಖ್ಯ ಸ್ಥಳದಲ್ಲಿ ಪುಸ್ತಕಗಳು, ಹೆಚ್ಚುವರಿ ಗೋಡೌನ್‌ಗಳಲ್ಲಿ ಆಯಾ ಜಾಗದ ಲೆಕ್ಕ. ಅಂಗಡಿ ಪೇಟೆಯಲ್ಲಿದ್ದು ಗೋಡೌನ್ ಊರಾಚೆ ಇದ್ದರೆ, ಆ ಗೋಡೌನನ್ನು ನೋಂದಣಿಗೆ ಸೇರಿಸಿ ದಾಸ್ತಾನು ಪುಸ್ತಕವನ್ನು ಅಲ್ಲೇ ಇಡಿ.

ಆರನೇ ಹೆಜ್ಜೆ: ಕಂಪ್ಯೂಟರ್, ಪೋರ್ಟಲ್, ಯುಪಿಐ

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಇದೆ ಎಂದು ನಿಶ್ಚಿಂತರಾಗಬೇಡಿ. ಹಳೆಯ ಆವೃತ್ತಿಯ ಡೇಟಾ ಹೊಸ ಆವೃತ್ತಿಯಲ್ಲಿ ಪರಿವರ್ತನೆ ಮಾಡದೆ ತೆರೆಯದಿರಬಹುದು, ಹಳೆಯ ಪಾಸ್‌ವರ್ಡ್ ಬಿಟ್ಟುಹೋದ ಗುಮಾಸ್ತರ ಜೊತೆ ಹೋಗಿರಬಹುದು. ವರ್ಷ ಮುಗಿದಾಗ ಬ್ಯಾಕಪ್ ಅಲ್ಲದೆ ಕ್ಯಾಶ್ ಬುಕ್, ಬ್ಯಾಂಕ್ ಬುಕ್, ಎಲ್ಲ ಲೆಡ್ಜರ್, ಖರೀದಿ ಮತ್ತು ಮಾರಾಟ ರಿಜಿಸ್ಟರ್, ದಾಸ್ತಾನು, ತಾಳೆಪಟ್ಟಿಗಳನ್ನು ಪಿಡಿಎಫ್ ಮಾಡಿಡಿ. ಮೂರು ಪ್ರತಿ: ಅಂಗಡಿಯ ಕಂಪ್ಯೂಟರಿನಲ್ಲೊಂದು, ಮನೆಯಲ್ಲಿಡುವ ಹಾರ್ಡ್ ಡಿಸ್ಕ್‌ನಲ್ಲೊಂದು, ಇಂಟರ್‌ನೆಟ್ ಸಂಗ್ರಹದಲ್ಲಿ ಅಥವಾ ಆಡಿಟರ ಬಳಿ ಒಂದು. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ವರ್ಷಕ್ಕೊಮ್ಮೆ ಹಳೆಯ ಫೈಲು ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎನ್ನಲಾಗದು. ಕಂಪನಿಗಳಾದರೆ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವ ಸಾಫ್ಟ್‌ವೇರ್ ಕಡ್ಡಾಯ. ಆ ದಾಖಲೆಯನ್ನೂ ಪುಸ್ತಕದ ಜೊತೆ ಉಳಿಸಬೇಕು.

ಜಿಎಸ್‌ಟಿ ಪೋರ್ಟಲ್ ರಿಟರ್ನ್ ಡೇಟಾವನ್ನು ಏಳು ವರ್ಷದವರೆಗೆ ತೋರಿಸುವ ನೀತಿ ಇಟ್ಟುಕೊಂಡಿದೆ. ಬ್ಯಾಂಕುಗಳು ವ್ಯವಹಾರದ ದಾಖಲೆಯನ್ನು ಐದು ವರ್ಷ ಇಡಲೇಬೇಕು, ಅದಕ್ಕಿಂತ ಹಳೆಯದು ಕೇಳಿದರೆ ಸಿಗುವ ಭರವಸೆಯಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಜಿಎಸ್‌ಟಿ ರಿಟರ್ನ್‌ಗಳಾದ 3ಬಿ, ಆರ್-1, ಜೊತೆಗೆ 2ಬಿ, ಇ-ವೇ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಇಳಿಸಿಕೊಳ್ಳಿ. ನಿಮ್ಮ ಹೆಸರಿನ ತೆರಿಗೆ ಕಡಿತ, ವ್ಯವಹಾರಗಳ ವಿವರವಿರುವ ಆದಾಯ ತೆರಿಗೆಯ 26ಎಎಸ್, ಎಐಎಸ್ ಪಟ್ಟಿಗಳನ್ನು ರಿಟರ್ನ್ ಹಾಕುವ ಹೊತ್ತಿಗೆ ಇಳಿಸಿ, ಆಗ ಅವು ಪೂರ್ತಿಯಾಗಿರುತ್ತವೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐನಲ್ಲಿ ಬಂದ ಹಣ ಹಿಡಿದು ಸಣ್ಣ ಅಂಗಡಿಯವರಿಗೆ ನೋಟಿಸ್ ಕೊಟ್ಟಾಗ, ಕೇಳಿದ್ದು 2021-22ರಿಂದ ಈಚಿನ ವರ್ಷಗಳ ಲೆಕ್ಕ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲು ಮಾತ್ರ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಬೇಕಿಲ್ಲ. ಆದರೆ ಹಾಗೆ ತೋರಿಸಲು ಖರೀದಿ ಚೀಟಿ ಬೇಕೇ ಬೇಕು. ನೋಂದಣಿ ಇಲ್ಲದವರೂ ಮೂರು ಕೆಲಸ ಮಾಡಿ: ಅಂಗಡಿಯ ಕ್ಯೂಆರ್ ಕೋಡಿಗೆ ಪ್ರತ್ಯೇಕ ಖಾತೆ, ತಿಂಗಳ ಯುಪಿಐ ಸ್ಟೇಟ್‌ಮೆಂಟ್ ಇಳಿಸುವುದು, ತಮ್ಮನೋ ತಂಗಿಯೋ ಕಳಿಸಿದ್ದು, ಚೀಟಿ ಹಣ, ಕೈಗಡ ವಾಪಸು ಬಂದದ್ದರ ಮುಂದೆ ಆಯಾ ತಿಂಗಳೇ ಟಿಪ್ಪಣಿ ಬರೆಯುವುದು. ನಾಲ್ಕು ವರ್ಷದ ನಂತರ 7,500 ರೂಪಾಯಿ ಯಾರು ಯಾಕೆ ಹಾಕಿದರು ಎಂದು ಯಾರಿಗೂ ನೆನಪಿರುವುದಿಲ್ಲ.

ಅಂಗಡಿ ಮುಚ್ಚಿದರೆ, ಕಾಗದ ಕಳೆದರೆ

ನೋಂದಣಿ ರದ್ದಾದರೂ ಹಿಂದಿನ ವರ್ಷಗಳ ಹೊಣೆ ರದ್ದಾಗುವುದಿಲ್ಲ. ಯಜಮಾನರು ತೀರಿಕೊಂಡರೆ, ಬಂದ ಆಸ್ತಿಯ ಮಿತಿಯೊಳಗೆ ವಾರಸುದಾರರು ಬಾಕಿ ತೆರಿಗೆಗೆ ಹೊಣೆ. ಅಪ್ಪನ ಅಂಗಡಿ ಖಾಲಿ ಮಾಡುವಾಗ ಮಕ್ಕಳು ಮೊದಲು ತೆಗೆದಿಡಬೇಕಾದದ್ದು ಲೆಕ್ಕದ ಬೀರುವಿನ ಕೀಲಿ. ಪಾಲುದಾರಿಕೆ ಮುರಿದರೆ ಪುಸ್ತಕಗಳು ಯಾರ ಬಳಿ ಇರಬೇಕು, ಉಳಿದವರಿಗೆ ನೋಡಲು ಹಕ್ಕು ಹೇಗೆ ಎಂಬುದನ್ನು ವಿಸರ್ಜನಾ ಪತ್ರದಲ್ಲೇ ಬರೆಸಿ.

ಬೆಂಕಿ, ಮಳೆನೀರು, ಕಳವಿನಿಂದ ದಾಖಲೆ ಹೋದರೆ ತಡಮಾಡದೆ ಪೊಲೀಸ್ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಾಳಾದದ್ದರ ಫೋಟೋ ತೆಗೆದು, ಯಾವ ವರ್ಷದ್ದು, ಯಾವ ಪುಸ್ತಕ ಎಂದು ಪಟ್ಟಿ ಮಾಡಿ ಜಿಎಸ್‌ಟಿ ಅಧಿಕಾರಿಗೂ ಆಡಿಟರಿಗೂ ಬರಹದಲ್ಲಿ ತಿಳಿಸಿ. ನಂತರ 2ಬಿ ಇಟ್ಟುಕೊಂಡು ಪ್ರತಿ ಮಾರಾಟಗಾರರಿಂದ ಬಿಲ್ಲಿನ ದೃಢೀಕೃತ ನಕಲು ತರಿಸಿ. ದೊಡ್ಡ ಮೊತ್ತದವು ಮೊದಲು. ನೋಟಿಸ್ ಬಂದ ಮೇಲೆ ಕೊಟ್ಟ ದೂರಿಗೆ ಬೆಲೆ ಕಡಿಮೆ.

ಕೊನೆಯ ಹೆಜ್ಜೆ: ತೆಗೆಯುವುದು

ಇದಕ್ಕೆ ಏಪ್ರಿಲ್ ಎರಡನೇ ವಾರ ಇಟ್ಟುಕೊಳ್ಳಿ, ಹಬ್ಬದ ಸ್ವಚ್ಛತೆಯ ಜೊತೆ ಬೆರೆಸಬೇಡಿ. ಚೀಟಿಯ ತಾರೀಖು ದಾಟಿದ ಕಟ್ಟುಗಳನ್ನು ಮಾತ್ರ ಇಳಿಸಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಕೆಂಪು ಚೀಟಿ ಇದೆಯೇ, ಒಳಗೆ ಯಂತ್ರ ಅಥವಾ ಆಸ್ತಿಯ ಬಿಲ್ಲು ಸೇರಿಕೊಂಡಿದೆಯೇ, ಆ ವರ್ಷದ ನಷ್ಟ ಇನ್ನೂ ಮುಂದೆ ಬರುತ್ತಿದೆಯೇ. ಮೂರಕ್ಕೂ ಇಲ್ಲ ಎಂದರೆ ಆಡಿಟರಿಗೆ ಒಂದು ಫೋನು ಮಾಡಿ, ಆಮೇಲೆ ತೆಗೆಯಿರಿ. ಒಂದು ನೋಟುಬುಕ್ಕಿನಲ್ಲಿ ವರ್ಷ, ಕಟ್ಟಿನ ವಿವರ, ತೆಗೆದ ದಿನ, ಇಬ್ಬರ ಸಹಿ ಇರಲಿ. ಈ ನೋಟುಬುಕ್ ಕಾಯಂ. ಕಂಪನಿಯಾದರೆ ನಿರ್ದೇಶಕರ ಸಭೆಯಲ್ಲಿ ನಿರ್ಣಯ ಮಾಡಿ.

ಹಾಗೇ ಗುಜರಿಗೆ ಹಾಕಬೇಡಿ. ಗುಜರಿ ಕಾಗದ ಮಂಡಕ್ಕಿ, ಮಿರ್ಚಿ ಕಟ್ಟುವ ಪೊಟ್ಟಣವಾಗಿ ಊರೆಲ್ಲ ಸುತ್ತುತ್ತದೆ. ಅದರ ಮೇಲೆ ನಿಮ್ಮ ಗಿರಾಕಿಗಳ ಫೋನ್ ನಂಬರು, ಖಾತೆ ನಂಬರು, ಪ್ಯಾನ್, ರೈತರ ಆಧಾರ್ ಜೆರಾಕ್ಸ್ ಇರುತ್ತವೆ. ಎರಡು ದಿಕ್ಕಿಗೂ ಹರಿದು ಅಥವಾ ಯಂತ್ರದಲ್ಲಿ ಕತ್ತರಿಸಿ, ಆಮೇಲೆ ಕೊಡಿ. ಬಳಸದೆ ಉಳಿದ ಬಿಲ್ ಪುಸ್ತಕ, ಲೆಟರ್‌ಹೆಡ್, ಹಳೆಯ ಚೆಕ್ ಹಾಳೆ, ಅಂಗಡಿಯ ರಬ್ಬರ್ ಸ್ಟ್ಯಾಂಪುಗಳನ್ನು ಕಣ್ಣೆದುರೇ ನಾಶ ಮಾಡಿ. ನಿಮ್ಮ ಜಿಎಸ್‌ಟಿ ನಂಬರ್ ಅಚ್ಚಾದ ಒಂದು ಖಾಲಿ ಬಿಲ್ಲು ಬೇರೆಯವರ ಕೈ ಸೇರಿದರೆ, ನೀವು ಮಾರದ ಮಾಲಿಗೆ ನಿಮ್ಮ ಹೆಸರಿನಲ್ಲಿ ಬಿಲ್ಲು ಹುಟ್ಟುತ್ತದೆ. ಹಳೆಯ ಕಂಪ್ಯೂಟರ್ ಮಾರುವಾಗ ಹಾರ್ಡ್ ಡಿಸ್ಕ್ ಬಿಚ್ಚಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ.